ಶ್ವಾಸಕೋಶದೊಳಗಿನ ಹಸಿರು ಗೆರೆ

1918ರ ಆಗಸ್ಟ್ ತಿಂಗಳ ಕೊನೆಯಲ್ಲಿ ಬಾಸ್ಟನ್ ಬಂದರಿನ ಕಾಮನ್‌ವೆಲ್ತ್ ಪಿಯರ್‌ನಲ್ಲಿ ಇಕ್ಕಟ್ಟಾಗಿ ತಂಗಿದ್ದ ನಾವಿಕರಿಗೆ ಜ್ವರ ಹತ್ತಿತು. ಮೊದಲ ದಿನ ಕೆಲವರು ಮಲಗಿದರೆ ಮರುದಿನ ಅದರ ಹಲವು ಪಟ್ಟು ಜನ ಮಲಗಿದರು. ಅಲ್ಲಿನ ಚಿಕಿತ್ಸಾ ಕೋಣೆಗಳಲ್ಲಿ ಜಾಗ ಸಾಲದೆ ರೋಗಿಗಳನ್ನು ಹತ್ತಿರದ ಚೆಲ್ಸಿಯ ನೌಕಾ ಆಸ್ಪತ್ರೆಗೆ ಸಾಗಿಸತೊಡಗಿದರು. ಕೆಲವೇ ವಾರಗಳಲ್ಲಿ ಆ ಜ್ವರ ಅಮೆರಿಕವನ್ನೆಲ್ಲ ಆವರಿಸಿತು. ಅದೇ ರೋಗ ಹಡಗು, ರೈಲುಗಳನ್ನು ಹತ್ತಿ ಮುಂಬಯಿ ದಾಟಿ ಆ ವರ್ಷದ ಮಳೆಗಾಲ ಮುಗಿಯುವ ಹೊತ್ತಿಗೆ ಬೆಂಗಳೂರು, ಮೈಸೂರುಗಳಲ್ಲೂ ಮನೆಮನೆಯನ್ನು ಹೊಕ್ಕಿತ್ತು.

ಚೆಲ್ಸಿಯ ಶವಪರೀಕ್ಷೆಯ ಮೇಜಿನ ಮುಂದೆ ನಿಂತವರಲ್ಲಿ ಟೆನೆಸ್ಸೀ ರಾಜ್ಯದಿಂದ ಬಂದ ಅರ್ನೆಸ್ಟ್ ಗುಡ್‌ಪಾಶ್ಚರ್ ಎಂಬ ರೋಗಶಾಸ್ತ್ರಜ್ಞರೂ ಒಬ್ಬರು. ಜಾನ್ಸ್ ಹಾಪ್ಕಿನ್ಸ್‌ನಲ್ಲಿ ವೈದ್ಯ ಪದವಿ ಪಡೆದು, ಹಾರ್ವರ್ಡ್‌ನಲ್ಲಿ ಕೆಲಸ ಮಾಡುತ್ತಿದ್ದವರು ಯುದ್ಧದ ಕಾಲದಲ್ಲಿ ನೌಕಾಪಡೆಯ ಸೇವೆಗೆ ಬಂದಿದ್ದರು. ಆಗ ವೈದ್ಯಲೋಕವನ್ನು ಕಾಡುತ್ತಿದ್ದದ್ದು ಒಂದೇ ಪ್ರಶ್ನೆ: ಇನ್‌ಫ್ಲುಯೆಂಜಾವನ್ನು ತರುತ್ತಿರುವ ರೋಗಾಣು ಯಾವುದು? ಜರ್ಮನಿಯ ಫೈಫರ್ ಗುರುತಿಸಿದ್ದ ಬ್ಯಾಕ್ಟೀರಿಯವೇ ಅದಕ್ಕೆ ಕಾರಣ ಎಂದು ಬಹಳ ಮಂದಿ ನಂಬಿದ್ದರು. ಬೇಗ ಸತ್ತವರ ಶ್ವಾಸಕೋಶಗಳನ್ನು ಸೀಳಿ ನೋಡಿದ ಗುಡ್‌ಪಾಶ್ಚರ್‌ಗೆ ಆ ನಂಬಿಕೆ ನಿಲ್ಲಲಿಲ್ಲ. ಗಾಳಿ ತುಂಬಿ ಹಗುರಾಗಿರಬೇಕಾದ ಶ್ವಾಸಕೋಶ ನೀರು, ರಕ್ತ ತುಂಬಿ ಭಾರವಾಗಿತ್ತು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಗಾಳಿಗೂಡುಗಳ ದಾರಿಗೆ ಗಾಜಿನಂಥ ಪೊರೆ ಕಟ್ಟಿತ್ತು. ಇಷ್ಟೆಲ್ಲ ಹಾಳುಮಾಡಲು ಬೇಕಾದಷ್ಟು ಬ್ಯಾಕ್ಟೀರಿಯ ಮಾತ್ರ ಅಲ್ಲಿರಲಿಲ್ಲ. ಕಣ್ಣಿಗೆ ಬೀಳದ ಬೇರೇನೋ ಇದೆ ಎಂದು ಅವರು ಊಹಿಸಿದರು. ಅದು ನಿಜವೂ ಆಗಿತ್ತು. ಮನುಷ್ಯರ ಇನ್‌ಫ್ಲುಯೆಂಜಾ ವೈರಸ್ ಸಿಕ್ಕಿದ್ದು 1933ರಲ್ಲಿ, ಲಂಡನ್ನಿನಲ್ಲಿ.

ಈ ಊಹೆಯನ್ನು ಮುಂದಿಡಲು 1919ರಲ್ಲಿ ಅವರು ಬರೆದ ಲೇಖನದಲ್ಲಿ 18 ವರ್ಷದ ಒಬ್ಬ ತರುಣನ ವೃತ್ತಾಂತ ಬರುತ್ತದೆ. ಅವನಿಗೆ ಫ್ಲೂ ಬಂದು ಇಳಿದಿತ್ತು. ಕೆಲವು ವಾರ ಕಳೆದ ಮೇಲೆ ಕೆಮ್ಮಿದರೆ ರಕ್ತ ಬರತೊಡಗಿತು. ಮೈ ಬಿಳಿಚಿಕೊಂಡಿತು, ಉಸಿರು ಸಾಲದಾಯಿತು, ಕೊನೆಗೆ ಸತ್ತ. ದೇಹವನ್ನು ತೆರೆದಾಗ ಗಾಳಿಗೂಡುಗಳಲ್ಲಿ ರಕ್ತ ತುಂಬಿತ್ತು, ಕಿಡ್ನಿಯ ಸೋಸುಗೂಡುಗಳು ಊದಿ ಕೆಟ್ಟಿದ್ದವು. ಗುಲ್ಮ ಮತ್ತು ಕರುಳಿನ ಸಣ್ಣ ರಕ್ತನಾಳಗಳಲ್ಲೂ ಗಾಯಗಳಿದ್ದವು. ಫ್ಲೂ ರೋಗಾಣು ದೇಹದ ನಾನಾ ಕಡೆ ಮಾಡಿದ ಹಾನಿ ಎಂಬುದಾಗಿ ಗುಡ್‌ಪಾಶ್ಚರ್ ಅದನ್ನು ದಾಖಲಿಸಿ ಮುಂದೆ ಹೋದರು. ಆ ಹುಡುಗನ ಶ್ವಾಸಕೋಶವನ್ನು ಕೆಡಿಸಿದ್ದು ಅವನದೇ ರಕ್ತದೊಳಗಿನ ವಸ್ತುವಾಗಿರಬಹುದು ಎಂದು ಯೋಚಿಸಲು ಆ ಕಾಲದಲ್ಲಿ ಯಾರಿಗೂ ಆಧಾರವಿರಲಿಲ್ಲ.

ಆಧಾರವಿರಲಿಲ್ಲ ಎನ್ನುವುದಕ್ಕಿಂತ, ಹಾಗೆ ಯೋಚಿಸಬಾರದೆಂಬ ಒಂದು ದೊಡ್ಡ ಮಾತು ಅಡ್ಡ ನಿಂತಿತ್ತು ಎನ್ನುವುದೇ ಸರಿ. 20ನೇ ಶತಮಾನದ ಆರಂಭದಲ್ಲಿ ಬರ್ಲಿನ್ ಮತ್ತು ಫ್ರಾಂಕ್‌ಫರ್ಟ್‌ನಲ್ಲಿ ಕೆಲಸ ಮಾಡಿದ ಪೌಲ್ ಎರ್ಲಿಶ್, ದೇಹ ತನ್ನ ಮೇಲೆ ತಾನೇ ವಿಷ ಕಾರಿಕೊಳ್ಳುವುದನ್ನು ಹೇಗೋ ತಡೆದುಕೊಳ್ಳುತ್ತದೆ ಎಂದಿದ್ದರು. ಅವರು ಹೇಳಿದ್ದು ತಡೆಯುತ್ತದೆ ಎಂದಷ್ಟೆ. ನಂತರದವರು ಅದನ್ನು ‘ಹಾಗಾಗುವುದು ಸಾಧ್ಯವೇ ಇಲ್ಲ’ ಎಂದು ಓದಿಕೊಂಡರು. ಹೀಗಾಗಿ ಸಾಕ್ಷಿಗಳು ಎದುರಿಗೆ ಬಂದಾಗಲೂ ಅವುಗಳನ್ನು ಬದಿಗೆ ಸರಿಸಲಾಯಿತು. 1933ರ ಸುಮಾರಿಗೆ ಜಪಾನಿನ ಚೀಬಾದಲ್ಲಿ ಮತಾಜೋ ಮಸುಗಿ ಮೊಲದ ಕಿಡ್ನಿಯನ್ನು ಅರೆದು ಬಾತುಕೋಳಿಗೆ ಚುಚ್ಚಿ, ಬಾತುಕೋಳಿಯ ರಕ್ತದಲ್ಲಿ ಹುಟ್ಟಿದ ಪ್ರತಿಕಾಯಗಳನ್ನು (ಆಂಟಿಬಾಡಿಗಳನ್ನು) ತಿರುಗಿ ಮೊಲಗಳಿಗೆ ಕೊಟ್ಟರು. ಮೊಲಗಳ ಕಿಡ್ನಿ ಮನುಷ್ಯರಲ್ಲಿ ಕೆಡುವ ಹಾಗೆಯೇ ಕೆಟ್ಟಿತು. ಪ್ರತಿಕಾಯ ಅಂಗವೊಂದನ್ನು ಹಾಳುಮಾಡಬಲ್ಲದು ಎಂಬುದಕ್ಕೆ ಇದಕ್ಕಿಂತ ನೇರ ಸಾಕ್ಷಿ ಬೇಕಿರಲಿಲ್ಲ. ಆದರೆ ಅದು ಬಾತುಕೋಳಿಯ ಪ್ರತಿಕಾಯ, ಹೊರಗಿನಿಂದ ಬಂದದ್ದು. ಮೊಲ ತಾನಾಗಿ ಅಂಥದ್ದನ್ನು ತಯಾರಿಸುತ್ತದೆಯೇ ಎಂಬ ಪ್ರಶ್ನೆ ಹಾಗೆಯೇ ಉಳಿಯಿತು.

ಇತ್ತ ಗುಡ್‌ಪಾಶ್ಚರ್ ನ್ಯಾಶ್‌ವಿಲ್‌ನ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯ ಸೇರಿ, 1931ರಲ್ಲಿ ಆಲಿಸ್ ವುಡ್‌ರಫ್ ಜೊತೆ ತಮ್ಮ 1919ರ ಲೇಖನಕ್ಕಿಂತ ಬಹು ದೊಡ್ಡ ಕೆಲಸವೊಂದನ್ನು ಮಾಡಿದರು. ಕಾವಿಗೆ ಇಟ್ಟ ಕೋಳಿಮೊಟ್ಟೆಯೊಳಗಿನ ಪೊರೆಯ ಮೇಲೆ ವೈರಸ್ ಬೆಳೆಸುವ ವಿಧಾನ ಅದು. ಇಂದಿಗೂ ಫ್ಲೂ ಲಸಿಕೆಯ ಬಹುಭಾಗ ಮೊಟ್ಟೆಯಲ್ಲೇ ತಯಾರಾಗುತ್ತದೆ. ಈ ವಿಧಾನವನ್ನು ಆಸ್ಟ್ರೇಲಿಯದ ಮೆಲ್ಬರ್ನ್‌ನಲ್ಲಿ ಕೈವಶ ಮಾಡಿಕೊಂಡು ವರ್ಷಗಟ್ಟಲೆ ಇನ್‌ಫ್ಲುಯೆಂಜಾ ವೈರಸ್ ಬೆಳೆಸಿದವರು ಮೆಕ್‌ಫಾರ್ಲೇನ್ ಬರ್ನೆಟ್. 1957ರಲ್ಲಿ ಬರ್ನೆಟ್ ವೈರಸ್ ಬಿಟ್ಟು ತಮ್ಮ ಇಡೀ ಸಂಸ್ಥೆಯನ್ನು ರೋಗನಿರೋಧಕ ವ್ಯವಸ್ಥೆಯ ಅಧ್ಯಯನಕ್ಕೆ ತಿರುಗಿಸಿದರು. ದೇಹದಲ್ಲಿ ಲಕ್ಷಾಂತರ ಬಗೆಯ ಪ್ರತಿಕಾಯ ತಯಾರಿಸುವ ಕೋಶಗಳು ಮೊದಲೇ ಇರುತ್ತವೆ, ಸ್ವಂತ ಅಂಗಗಳ ಮೇಲೆ ಎರಗುವಂಥವು ಎಳವೆಯಲ್ಲೇ ಅಳಿಸಿಹೋಗುತ್ತವೆ ಎಂದು ಅವರು ವಾದಿಸಿದರು. ಅಳಿಸುವ ಕೆಲಸ ತಪ್ಪಿದರೆ? ಆಗ ಸ್ವಂತ ದೇಹದ ಮೇಲಿನ ದಾಳಿ ಅಸಾಧ್ಯವಾಗಿ ಉಳಿಯುವುದಿಲ್ಲ. ಅದಕ್ಕೊಂದು ವರ್ಷ ಮೊದಲು ನ್ಯೂಯಾರ್ಕ್ ರಾಜ್ಯದ ಬಫಲೋದಲ್ಲಿ ನೋಯೆಲ್ ರೋಸ್ ಮತ್ತು ಅರ್ನೆಸ್ಟ್ ವಿಟೆಬ್ಸ್ಕಿ ಮೊಲಗಳಲ್ಲಿ ಸ್ವಂತ ಥೈರಾಯ್ಡ್ ಮೇಲಿನ ಪ್ರತಿಕಾಯಗಳನ್ನು ತೋರಿಸಿದ್ದರು. ಐವತ್ತು ವರ್ಷ ಮುಚ್ಚಿದ್ದ ಬಾಗಿಲು ಎರಡು ವರ್ಷದೊಳಗೆ ತೆರೆಯಿತು.

ಅದೇ ಮೆಲ್ಬರ್ನ್‌ನಲ್ಲಿ 1958ರಲ್ಲಿ ಸ್ಟ್ಯಾಂಟನ್ ಮತ್ತು ಟ್ಯಾಂಜ್ ಎಂಬ ಇಬ್ಬರು ವೈದ್ಯರು ಒಂಬತ್ತು ರೋಗಿಗಳ ಕಥೆಯನ್ನು ಪ್ರಕಟಿಸಿದರು. ರಕ್ತ ಕೆಮ್ಮುವುದು, ಕೆಲವೇ ದಿನ ಅಥವಾ ವಾರಗಳಲ್ಲಿ ಕಿಡ್ನಿ ಕೈಕೊಡುವುದು, ಸಾವು: ಎಲ್ಲರ ಕಥೆಯೂ ಹೀಗೆಯೇ ಸಾಗಿತ್ತು. ಹಳೆಯ ಪುಸ್ತಕಗಳನ್ನು ಜಾಲಾಡಿದಾಗ ಅವರಿಗೆ 1919ರ ಹುಡುಗ ಸಿಕ್ಕಿದ. ರೋಗಕ್ಕೆ ‘ಗುಡ್‌ಪಾಶ್ಚರ್ ಸಿಂಡ್ರೋಮ್’ ಎಂದು ಹೆಸರಿಟ್ಟರು. ಆ ಹೆಸರು ಗುಡ್‌ಪಾಶ್ಚರ್‌ಗೆ ಒಪ್ಪಿಗೆಯಾಗಲಿಲ್ಲ. ತಾವು ಕಂಡದ್ದು ಒಂದೇ ಪ್ರಕರಣ, ಅದನ್ನೂ ಬೇರೊಂದು ಪ್ರಶ್ನೆಗಾಗಿ ನೋಡಿದ್ದು ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಅವರು ತೀರಿಕೊಂಡದ್ದು 1960ರಲ್ಲಿ. ರೋಗದ ಮೂಲ ಬಯಲಾಗಲು ಆಗ ಇನ್ನು ಕೆಲವೇ ವರ್ಷ ಬಾಕಿಯಿತ್ತು.

ಅದನ್ನು ಬಯಲು ಮಾಡಿದ್ದು ಬಣ್ಣ. ಹಾರ್ವರ್ಡ್‌ನ ಆಲ್ಬರ್ಟ್ ಕೂನ್ಸ್ 1940ರ ದಶಕದ ಆರಂಭದಲ್ಲಿ ಪ್ರತಿಕಾಯಕ್ಕೆ ಹೊಳೆಯುವ ಬಣ್ಣದ ಅಣುವೊಂದನ್ನು ಜೋಡಿಸುವ ತಂತ್ರ ಕಂಡುಹಿಡಿದಿದ್ದರು. ಆ ಪ್ರತಿಕಾಯ ಎಲ್ಲಿಗೆ ಅಂಟುತ್ತದೋ ಅಲ್ಲಿ, ಕತ್ತಲ ಕೋಣೆಯಲ್ಲಿ ನೇರಳಾತೀತ ಬೆಳಕು ಬಿಟ್ಟಾಗ, ಹಸಿರು ಹೊಳೆಯುತ್ತದೆ. ಕಿಡ್ನಿಯ ಅಥವಾ ಶ್ವಾಸಕೋಶದ ಚೂರನ್ನು ಹೆಪ್ಪುಗಟ್ಟಿಸಿ, ಕೆಲವೇ ಮೈಕ್ರಾನ್ ದಪ್ಪಕ್ಕೆ ಕತ್ತರಿಸಿ, ಮನುಷ್ಯರ ಪ್ರತಿಕಾಯವನ್ನು ಗುರುತಿಸುವ ಬಣ್ಣದ ದ್ರಾವಣವನ್ನು ಅದರ ಮೇಲೆ ಹನಿಸುತ್ತಾರೆ. ಅರ್ಧ ಗಂಟೆಯ ನಂತರ ತೊಳೆದು ನೋಡುತ್ತಾರೆ. ಬಹಳಷ್ಟು ಕಿಡ್ನಿ ರೋಗಗಳಲ್ಲಿ ಹಸಿರು ಅಲ್ಲಲ್ಲಿ ಉಂಡೆಉಂಡೆಯಾಗಿ ಕಾಣುತ್ತದೆ. ಈ ರೋಗದಲ್ಲಿ ಹಾಗಲ್ಲ. ಸೋಸುಗೂಡಿನ ಪ್ರತಿ ಸುರುಳಿಯ ಅಂಚಿನುದ್ದಕ್ಕೂ, ಎಲ್ಲೂ ಕಡಿಯದೆ, ತೆಳ್ಳಗೆ ನೇರ ಗೆರೆ ಎಳೆದಂತೆ ಹಸಿರು. ಒಮ್ಮೆ ನೋಡಿದವರು ಅದನ್ನು ಬೇರೊಂದರ ಜೊತೆ ಬೆರೆಸಿ ಗೊಂದಲಪಡುವುದು ಕಷ್ಟ.

ಶೀರ್ ಮತ್ತು ಗ್ರಾಸ್‌ಮನ್ 1964ರಲ್ಲಿ ಈ ರೋಗಿಗಳ ಕಿಡ್ನಿಯಲ್ಲಿ ಆ ಗೆರೆಯನ್ನು ತೋರಿಸಿದರು. ಮರುವರ್ಷ ಸ್ಟರ್ಜಿಲ್ ಮತ್ತು ವೆಸ್ಟರ್‌ವೆಲ್ಟ್ ಶ್ವಾಸಕೋಶದಲ್ಲೂ ಪ್ರತಿಕಾಯದ ಜಾಡು ಹಿಡಿದರು. ಗಾಳಿಗೂಡಿಗೂ ಅದನ್ನು ಸುತ್ತಿದ ರಕ್ತನಾಳಕ್ಕೂ ನಡುವೆ ಈರುಳ್ಳಿಯ ಒಳಪೊರೆಯ ಹಾಗೆ ಒಂದು ತಳಪೊರೆ ಇರುತ್ತದೆ. ಆಮ್ಲಜನಕ ರಕ್ತಕ್ಕೆ ಇಳಿಯುವುದು ಅದನ್ನು ದಾಟಿಯೇ. ಕಿಡ್ನಿಯ ಸೋಸುಗೂಡಿನಲ್ಲೂ ಅದೇ ಜಾತಿಯ ತಳಪೊರೆ ಇದೆ. ಪ್ರತಿಕಾಯ ಎರಡೂ ಕಡೆ ಅಂಟಿತ್ತು. ಅದಕ್ಕೂ ಮೊದಲೇ, 1962ರಲ್ಲಿ, ರೇಮಂಡ್ ಸ್ಟೆಬ್ಲೇ ಕುರಿಗಳಿಗೆ ಮನುಷ್ಯರ ಕಿಡ್ನಿಯ ತಳಪೊರೆಯನ್ನು ಚುಚ್ಚಿ, ಅವು ತಮ್ಮದೇ ಕಿಡ್ನಿಯ ಮೇಲೆ ಮಾರಕ ದಾಳಿ ನಡೆಸುವಂತೆ ಮಾಡಿದ್ದರು. ಮಸುಗಿ ಬಿಟ್ಟುಹೋದ ಪ್ರಶ್ನೆಗೆ ಪ್ರಾಣಿಗಳ ಮಟ್ಟಿಗೆ ಉತ್ತರ ಸಿಕ್ಕಿತ್ತು. ಪ್ರಾಣಿ ತನ್ನ ಅಂಗವನ್ನು ತಾನೇ ಕೆಡಿಸಿಕೊಳ್ಳಬಲ್ಲದು.

ಆದರೂ ಒಂದು ಅನುಮಾನ ಉಳಿದಿತ್ತು. ಅಂಗ ಬೇರಾವುದೋ ಕಾರಣಕ್ಕೆ ಕೆಟ್ಟಮೇಲೆ ಪ್ರತಿಕಾಯ ಅಲ್ಲಿಗೆ ಬಂದು ಕೂತಿರಬಹುದಲ್ಲ? ಈ ಅನುಮಾನವನ್ನು 1967ರಲ್ಲಿ ಕ್ಯಾಲಿಫೋರ್ನಿಯದ ಲಾ ಹೋಯಾದಲ್ಲಿ ಲರ್ನರ್, ಗ್ಲಾಸಾಕ್ ಮತ್ತು ಡಿಕ್ಸನ್ ಬಗೆಹರಿಸಿದರು. ಇಡೀ ಚರಿತ್ರೆಯಲ್ಲಿ ನನಗೆ ಅತಿ ಹೆಚ್ಚು ಮೆಚ್ಚಿಗೆಯಾಗುವ ಪ್ರಯೋಗ ಇದು, ಅಷ್ಟು ನೇರವಾಗಿದೆ. ರೋಗಿಗಳ ಕೆಟ್ಟ ಕಿಡ್ನಿಗಳಿಗೆ ಅಂಟಿದ್ದ ಪ್ರತಿಕಾಯಗಳನ್ನು ಅವರು ತೊಳೆದು ಬೇರ್ಪಡಿಸಿದರು. ಎರಡೂ ಕಿಡ್ನಿಗಳನ್ನು ತೆಗೆಸಿಕೊಂಡ ರೋಗಿಗಳ ರಕ್ತದಿಂದಲೂ ಅವೇ ಪ್ರತಿಕಾಯಗಳನ್ನು ಪಡೆದರು. ಅವನ್ನು ಪುಟ್ಟ ಸ್ಕ್ವಿರಲ್ ಕೋತಿಗಳಿಗೆ ಚುಚ್ಚಿದರು. ಆರೋಗ್ಯವಾಗಿದ್ದ ಕೋತಿಗಳ ಕಿಡ್ನಿ ಕೆಟ್ಟಿತು. ಈ ಪ್ರತಿಕಾಯ ರಕ್ತದಲ್ಲಿ ಉಳಿದಿರುವಾಗಲೇ ಕಿಡ್ನಿ ಕಸಿ ಮಾಡಿಸಿಕೊಂಡವರಲ್ಲಿ ಅದು ಹೊಸ ಕಿಡ್ನಿಯನ್ನೂ ಹಿಡಿಯಿತು. ಪ್ರತಿಕಾಯವೇ ಅಪರಾಧಿ ಎಂಬುದು ಖಚಿತವಾಯಿತು.

ಅದೇ 1967ರಲ್ಲಿ ಡೆನ್ವರ್‌ನ ವೈದ್ಯರು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ 12 ರೋಗಿಗಳನ್ನು ವರ್ಣಿಸಿದರು. ಗಾಯ, ಸೋಂಕು, ಮೇದೋಜೀರಕದ ಉರಿಯೂತ ಹೀಗೆ ಕಾರಣ ಯಾವುದೇ ಇರಲಿ, ಶ್ವಾಸಕೋಶ ಮಾತ್ರ ಒಂದೇ ರೀತಿಯಲ್ಲಿ ನೀರು ತುಂಬಿ ಬಿಗಿಯುತ್ತಿತ್ತು. ಇಂದು ಐಸಿಯು ವೈದ್ಯರು ಎಆರ್‌ಡಿಎಸ್ ಎನ್ನುವುದು ಇದನ್ನೇ. ಸತ್ತವರಲ್ಲಿ ಕಂಡದ್ದು ಗುಡ್‌ಪಾಶ್ಚರ್ ಚೆಲ್ಸಿಯಲ್ಲಿ ನೋಡಿದ್ದ ಅದೇ ಗಾಜಿನಂಥ ಪೊರೆ. ಒಂದೇ ವರ್ಷದ ಈ ಎರಡು ಲೇಖನಗಳು ಒಂದನ್ನೊಂದು ಮುಟ್ಟಲಿಲ್ಲ. ಕಿಡ್ನಿ ತಜ್ಞರು ಪ್ರತಿಕಾಯದ ಹಿಂದೆ ಹೋದರು, ಐಸಿಯು ವೈದ್ಯರು ವೆಂಟಿಲೇಟರ್ ಹಿಂದೆ ಹೋದರು. ಶ್ವಾಸಕೋಶ ದಿಢೀರನೆ ಕೈಕೊಟ್ಟ ರೋಗಿಯಲ್ಲಿ ‘ಯಾವ ರೋಗಾಣು?’ ಎಂದು ಕೇಳುವಷ್ಟೇ ಗಟ್ಟಿಯಾಗಿ ‘ಯಾವ ಪ್ರತಿಕಾಯ?’ ಎಂದೂ ಕೇಳಬೇಕು ಎಂಬ ಮಾತು ಎರಡೂ ಗುಂಪುಗಳ ನಡುವೆ ಬಿದ್ದುಹೋಯಿತು. ಅದಕ್ಕೆ ಎಷ್ಟೋ ಜೀವಗಳು ಬೆಲೆ ತೆತ್ತಿವೆ ಎಂದೇ ನಾನು ತಿಳಿದಿದ್ದೇನೆ.

ಗುಡ್‌ಪಾಶ್ಚರ್ ರೋಗದ ಪಾಲಿಗೆ ಆಸರೆ ಬಂದದ್ದು ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಿಂದ. ಪ್ರತಿಕಾಯವೇ ಕಾರಣವಾದರೆ ಅದನ್ನು ರಕ್ತದಿಂದ ಹೊರಹಾಕಬೇಕು, ಹೊಸದು ಹುಟ್ಟದಂತೆ ತಡೆಯಬೇಕು. ಮಾರ್ಟಿನ್ ಲಾಕ್‌ವುಡ್, ಕೀತ್ ಪೀಟರ್ಸ್ ಮತ್ತು ಸಂಗಡಿಗರು ರೋಗಿಯ ರಕ್ತವನ್ನು ಯಂತ್ರಕ್ಕೆ ಹರಿಸಿ, ಪ್ಲಾಸ್ಮಾವನ್ನು ಬೇರ್ಪಡಿಸಿ ಚೆಲ್ಲಿ, ಕೋಶಗಳನ್ನು ಮಾತ್ರ ಬದಲಿ ದ್ರವದ ಜೊತೆ ಹಿಂದಕ್ಕೆ ಕೊಟ್ಟರು. ಜೊತೆಗೆ ಸ್ಟೆರಾಯ್ಡ್ ಮತ್ತು ಸೈಕ್ಲೋಫಾಸ್ಫಮೈಡ್. 1976ರಲ್ಲಿ ಏಳು ರೋಗಿಗಳ ಫಲಿತಾಂಶವನ್ನು ಪ್ರಕಟಿಸಿದರು. ಬಹುತೇಕ ಎಲ್ಲರೂ ಸಾಯುತ್ತಿದ್ದ ರೋಗದಲ್ಲಿ ಶ್ವಾಸಕೋಶದ ರಕ್ತಸ್ರಾವ ನಿಲ್ಲತೊಡಗಿತು. ಅದೇ ಆಸ್ಪತ್ರೆ 71 ರೋಗಿಗಳ ಲೆಕ್ಕವನ್ನು 2001ರಲ್ಲಿ ಮುಂದಿಟ್ಟಾಗ ಇನ್ನೊಂದು ಸತ್ಯ ಕಣ್ಣಿಗೆ ರಾಚಿತು. ಕಿಡ್ನಿ ತೀರಾ ಕೆಡುವ ಮುನ್ನವೇ ಬಂದವರಲ್ಲಿ ಒಂದು ವರ್ಷದ ಕೊನೆಗೆ ಎಲ್ಲರೂ ಬದುಕಿದ್ದರು, ಶೇ. 95ರಷ್ಟು ಮಂದಿಯ ಕಿಡ್ನಿ ಕೆಲಸ ಮಾಡುತ್ತಿತ್ತು. ಬಂದ ಕೂಡಲೇ ಡಯಾಲಿಸಿಸ್ ಬೇಕಾದವರಲ್ಲಿ ಕಿಡ್ನಿ ಉಳಿದದ್ದು ಶೇ. 8ರಷ್ಟು ಮಂದಿಗೆ ಮಾತ್ರ. ನಮ್ಮಲ್ಲಿ ರಕ್ತ ಕೆಮ್ಮಿದವರಿಗೆ ಮೊದಲು ಕಫದಲ್ಲಿ ಟಿಬಿ ಹುಡುಕುತ್ತಾರೆ, ಅದು ನ್ಯಾಯವೇ. ಅಂದೇ ಮೂತ್ರವನ್ನೂ ಪರೀಕ್ಷಿಸಿದರೆ, ಅದರಲ್ಲಿ ರಕ್ತದ ಕೋಶಗಳು ಕಂಡರೆ, ದಾರಿ ಬೇರೆ ಎಂಬ ಸುಳಿವು ಆ ದಿನವೇ ಸಿಗುತ್ತದೆ. ತೀರಾ ಅಗ್ಗದ ಪರೀಕ್ಷೆ ಅದು.

ಒಂದು ಒಗಟು ಹಾಗೆಯೇ ಇತ್ತು. ಒಂದೇ ಪ್ರತಿಕಾಯ ಇದ್ದರೂ ಕೆಲವರ ಶ್ವಾಸಕೋಶ ರಕ್ತ ಸುರಿಸುತ್ತದೆ, ಕೆಲವರದು ಸುಮ್ಮನಿರುತ್ತದೆ. ಏಕೆ? 1983ರಲ್ಲಿ ಡಾನಹಿ ಮತ್ತು ರೀಸ್ 47 ರೋಗಿಗಳನ್ನು ವಿಂಗಡಿಸಿ ನೋಡಿದರು. ಸಿಗರೇಟು ಸೇದುತ್ತಿದ್ದ 37 ಮಂದಿಯಲ್ಲಿ 37 ಮಂದಿಗೂ ಶ್ವಾಸಕೋಶದಲ್ಲಿ ರಕ್ತಸ್ರಾವವಾಗಿತ್ತು. ಸೇದದ 10 ಮಂದಿಯಲ್ಲಿ ಇಬ್ಬರಿಗೆ ಮಾತ್ರ. ವೈದ್ಯಶಾಸ್ತ್ರದಲ್ಲಿ ಇಷ್ಟು ನಿಚ್ಚಳವಾದ ಗೆರೆ ಸಿಗುವುದು ಅಪರೂಪ. ಕಾರಣ ರಕ್ತನಾಳಗಳ ರಚನೆಯಲ್ಲಿದೆ. ಕಿಡ್ನಿಯ ಸೋಸುಗೂಡಿನ ರಕ್ತನಾಳಗಳಲ್ಲಿ ಸಹಜವಾಗಿಯೇ ಕಿಂಡಿಗಳಿವೆ, ಪ್ರತಿಕಾಯ ಸುಲಭವಾಗಿ ತಳಪೊರೆಗೆ ತಲುಪುತ್ತದೆ. ಗಾಳಿಗೂಡಿನ ರಕ್ತನಾಳಗಳು ಒತ್ತಾಗಿ ಮುಚ್ಚಿಕೊಂಡಿರುತ್ತವೆ. ಹೊಗೆಯೋ, ಪೆಟ್ರೋಲಿನಂಥ ಇಂಧನದ ಆವಿಯೋ, ಸೋಂಕೋ ಅದನ್ನು ಗಾಸಿಗೊಳಿಸಿದಾಗ ಮಾತ್ರ ಪ್ರತಿಕಾಯಕ್ಕೆ ಒಳಗೆ ದಾರಿ ಸಿಗುತ್ತದೆ. ಮೊಲಗಳ ಶ್ವಾಸನಾಳಕ್ಕೆ ಪೆಟ್ರೋಲ್ ಹಾಕಿದಾಗ ರಕ್ತದಲ್ಲಿದ್ದ ಪ್ರತಿಕಾಯ ಗಾಳಿಗೂಡಿಗೆ ಅಂಟಿದ್ದನ್ನು 1987ರಲ್ಲಿ ಯಾಮಾಮೊಟೊ ಮತ್ತು ವಿಲ್ಸನ್ ತೋರಿಸಿದರು. ಈ ರೋಗದ ಶ್ವಾಸಕೋಶ ಹಾನಿಯಲ್ಲಿ ಎರಡು ಏಟುಗಳಿರುತ್ತವೆ: ಒಂದು ಒಳಗಿನಿಂದ, ಮತ್ತೊಂದು ಹೊರಗಿನಿಂದ.

ಪ್ರತಿಕಾಯ ಹಿಡಿಯುವುದು ಯಾವ ವಸ್ತುವನ್ನು ಎಂಬುದನ್ನು ಬಿಡಿಸಿದವರು ಕನ್ಸಾಸ್‌ನ ಬಿಲ್ಲಿ ಹಡ್ಸನ್ ಮತ್ತು ಸ್ವೀಡನ್ನಿನ ಯೋರ್ಗನ್ ವೀಸ್ಲಾಂಡರ್. ತಳಪೊರೆಯ ನೇಯ್ಗೆ ನಾಲ್ಕನೇ ಬಗೆಯ ಕೊಲಾಜೆನ್‌ನದು. ಅದರಲ್ಲಿ ಆರು ಬಗೆಯ ಎಳೆಗಳಿವೆ. ಪ್ರತಿಕಾಯದ ಗುರಿ ಮೂರನೆಯದರ ತುದಿ ಎಂಬುದು 1984ರಿಂದ 1988ರ ನಡುವೆ ಸ್ಪಷ್ಟವಾಯಿತು. ಆ ಎಳೆ ಹೆಚ್ಚಾಗಿರುವುದು ಕಿಡ್ನಿ, ಶ್ವಾಸಕೋಶ ಮತ್ತು ಒಳಗಿವಿಯಂಥ ಕೆಲವೇ ಕಡೆ. ಕಿಡ್ನಿ ಮತ್ತು ಶ್ವಾಸಕೋಶ ಒಟ್ಟಿಗೆ ಏಕೆ ಕೆಡುತ್ತವೆ ಎಂಬುದಕ್ಕೆ ಉತ್ತರ ಇಷ್ಟೇ. ಹಡ್ಸನ್ ಮುಂದೆ ವ್ಯಾಂಡರ್‌ಬಿಲ್ಟ್‌ಗೆ ಬಂದು, 2010ರಲ್ಲಿ ಸಂಗಡಿಗರೊಂದಿಗೆ ಇನ್ನೊಂದು ಪದರ ಬಿಡಿಸಿದರು. ಗುರಿಯಾಗುವ ಭಾಗ ಆರೋಗ್ಯವಂತರಲ್ಲಿ ನೇಯ್ಗೆಯೊಳಗೆ ಅಡಗಿರುತ್ತದೆ. ಹೆಣೆದ ತುದಿಗಳು ಸಡಿಲಗೊಂಡು ಆಕಾರ ಬದಲಾದಾಗ ಅದು ಹೊರಬೀಳುತ್ತದೆ.

1919ರ ಹುಡುಗನ ಕಥೆಗೆ ಮಾತ್ರ ಬೇರೆ ತಿರುವು ಬಂತು. 1982ರಲ್ಲಿ, ಮತ್ತೆ ಮೆಲ್ಬರ್ನ್‌ನಿಂದಲೇ, ಡೇವಿಸ್ ಮತ್ತು ಜೊತೆಗಾರರು ಎಂಟು ರೋಗಿಗಳ ರಕ್ತದಲ್ಲಿ ಬಿಳಿ ರಕ್ತಕಣಗಳಿಗೇ ಅಂಟುವ ಪ್ರತಿಕಾಯವನ್ನು ವರ್ಣಿಸಿದರು. ಇದನ್ನು ಈಗ ವೈದ್ಯರು ಆಂಕಾ ಎಂದು ಕರೆಯುತ್ತಾರೆ. ಈ ಪ್ರತಿಕಾಯ ಕೆರಳಿಸಿದ ಬಿಳಿ ರಕ್ತಕಣಗಳು ದೇಹದೆಲ್ಲೆಡೆಯ ಸಣ್ಣ ರಕ್ತನಾಳಗಳನ್ನು ಹರಿದು, ಶ್ವಾಸಕೋಶದಲ್ಲಿ ರಕ್ತ ತುಂಬಿಸಿ, ಕಿಡ್ನಿಯನ್ನು ಕೆಡಿಸುತ್ತವೆ. ತಳಪೊರೆಯ ರೋಗ ಗುಲ್ಮವನ್ನೂ ಕರುಳನ್ನೂ ಮುಟ್ಟುವುದಿಲ್ಲ, ಆಂಕಾ ಮುಟ್ಟಬಹುದು. ಗುಲ್ಮ, ಕರುಳುಗಳ ಗಾಯಗಳನ್ನು ಗಮನಿಸಿದ ಹಲವರು ಆ ಹುಡುಗನಿಗೆ ಇದ್ದದ್ದು ಪ್ರಾಯಶಃ ಆಂಕಾ ಕಾಯಿಲೆ ಎನ್ನುತ್ತಾರೆ. ಅಂದರೆ ಗುಡ್‌ಪಾಶ್ಚರ್ ಹೆಸರಿನ ರೋಗವನ್ನು ಗುಡ್‌ಪಾಶ್ಚರ್ ನೋಡಿಯೇ ಇರಲಿಲ್ಲವೇನೋ. ಆದರೂ ಅವರ ಬರಹದ ಬಗ್ಗೆ ನನಗಿರುವ ಗೌರವ ಹೆಚ್ಚುತ್ತದೆ. ತಮ್ಮ ವಾದಕ್ಕೆ ಬೇಕಿಲ್ಲದ ಕರುಳನ್ನೂ ಗುಲ್ಮವನ್ನೂ ಅವರು ಅಷ್ಟು ಶ್ರದ್ಧೆಯಿಂದ ಬರೆದಿಟ್ಟದ್ದರಿಂದಲೇ ಈ ತಿದ್ದುಪಡಿ ಸಾಧ್ಯವಾಯಿತು.

2020ರ ಕೋವಿಡ್ ಐಸಿಯುಗಳು ಹಳೆಯ ಪ್ರಶ್ನೆಯನ್ನು ಎಲ್ಲರ ಮುಂದೆ ಇಟ್ಟವು. ಒಂದೇ ವೈರಸ್ ಒಬ್ಬರಿಗೆ ನೆಗಡಿ, ಮತ್ತೊಬ್ಬರಿಗೆ ವೆಂಟಿಲೇಟರ್. ಪ್ಯಾರಿಸ್ ಮತ್ತು ನ್ಯೂಯಾರ್ಕ್‌ನ ಜಾನ್-ಲೊರಾನ್ ಕಸನೋವಾ, ಪೋಲ್ ಬಸ್ತಾರ್ ಅವರ ತಂಡ ಜೀವಕ್ಕೆ ಕುತ್ತು ತಂದ ಕೋವಿಡ್ ನ್ಯುಮೋನಿಯದ 987 ರೋಗಿಗಳ ರಕ್ತ ಪರೀಕ್ಷಿಸಿತು. ಕನಿಷ್ಠ 101 ಮಂದಿಯಲ್ಲಿ ಇಂಟರ್‌ಫೆರಾನ್ ಎಂಬ ಸ್ವಂತ ವೈರಸ್-ನಿರೋಧಕ ಪ್ರೋಟೀನನ್ನು ನಿಷ್ಕ್ರಿಯಗೊಳಿಸುವ ಪ್ರತಿಕಾಯಗಳಿದ್ದವು. ಆ 101ರಲ್ಲಿ 95 ಮಂದಿ ಗಂಡಸರು. ಸೋಂಕು ಸೌಮ್ಯವಾಗಿ ಕಳೆದ 663 ಮಂದಿಯಲ್ಲಿ ಒಬ್ಬರಲ್ಲೂ ಅವು ಇರಲಿಲ್ಲ. ಇಲ್ಲಿನ ಬಗೆ ಬೇರೆ. ಈ ಪ್ರತಿಕಾಯ ಶ್ವಾಸಕೋಶವನ್ನು ಮುಟ್ಟುವುದಿಲ್ಲ; ಮೊದಲ ದಿನಗಳಲ್ಲಿ ವೈರಸ್‌ಗೆ ಇರಬೇಕಾದ ತಡೆಯನ್ನು ಕಿತ್ತುಹಾಕುತ್ತದೆ. ಅದೂ ಸೋಂಕಿಗೆ ಮೊದಲೇ ರಕ್ತದಲ್ಲಿ ಸದ್ದಿಲ್ಲದೆ ಇದ್ದದ್ದು. ಸರ್ಪಸುತ್ತಿನ ವೈರಸ್ ಮೈತುಂಬ ಹರಡಿದ್ದ ಒಬ್ಬ ರೋಗಿಯಲ್ಲಿ ಇಂಥ ಪ್ರತಿಕಾಯವನ್ನು 1981ರಲ್ಲೇ ಗುರುತಿಸಿದ್ದರು, ಯಾರೂ ಹೆಚ್ಚು ಗಮನ ಕೊಟ್ಟಿರಲಿಲ್ಲ. 2022ರಲ್ಲಿ ಅದೇ ತಂಡ ತೀವ್ರ ಇನ್‌ಫ್ಲುಯೆಂಜಾ ನ್ಯುಮೋನಿಯದ ರೋಗಿಗಳಲ್ಲೂ ಸುಮಾರು ಶೇ. 5ರಷ್ಟು ಮಂದಿಯಲ್ಲಿ ಅವನ್ನು ಕಂಡಿತು. ಇದನ್ನು ಹಿಡಿದು 1918ರ ಸಾವುಗಳನ್ನು ವಿವರಿಸಹೊರಡುವುದು ತಪ್ಪಾಗುತ್ತದೆ. ಈ ಪ್ರತಿಕಾಯಗಳು ಹೆಚ್ಚಾಗಿ ಸಿಗುವುದು ವಯಸ್ಸಾದವರಲ್ಲಿ. 1918ರ ಜ್ವರ ಹರೆಯದವರನ್ನು ಹೆಚ್ಚಾಗಿ ಬಲಿ ತೆಗೆದುಕೊಂಡಿತ್ತು.

ನಮ್ಮ ಕರಾವಳಿ, ಮಲೆನಾಡಿನ ವೈದ್ಯರಿಗೆ ಈ ಚರಿತ್ರೆ ಇನ್ನೊಂದು ಬಾಗಿಲಿನಿಂದ ಪರಿಚಿತ. ಉಡುಪಿ, ದಕ್ಷಿಣ ಕನ್ನಡ, ಶಿವಮೊಗ್ಗ ಕಡೆ ಮಳೆಗಾಲದಲ್ಲಿ ಗದ್ದೆಗಿಳಿದವರಿಗೆ ಬರುವ ಇಲಿಜ್ವರದಲ್ಲಿ ಕೆಲವರು ಜ್ವರ, ಕಾಮಾಲೆಗಳ ನಡುವೆ ದಿಢೀರನೆ ರಕ್ತ ಕೆಮ್ಮತೊಡಗುತ್ತಾರೆ. ಆಂಟಿಬಯಾಟಿಕ್ ನಡೆಯುತ್ತಿರುವಾಗಲೇ ಒಂದೆರಡು ದಿನಗಳಲ್ಲಿ ಸಾವು ಬರಬಹುದು. ಸತ್ತವರ ಶ್ವಾಸಕೋಶದಲ್ಲಿ ರೋಗಾಣುಗಳು ರಕ್ತಸ್ರಾವದ ಪ್ರಮಾಣಕ್ಕೆ ತಕ್ಕಷ್ಟು ಸಿಗುವುದಿಲ್ಲ. 2004ರಲ್ಲಿ ನ್ಯಾಲಿ ಮತ್ತು ಸಂಗಡಿಗರು ಇಲಿಜ್ವರ ಬರಿಸಿದ ಗಿನಿಯಿಲಿಗಳ ಶ್ವಾಸಕೋಶಕ್ಕೆ ಅದೇ ಹೊಳೆಯುವ ಬಣ್ಣ ಹಾಕಿ ನೋಡಿದಾಗ ಗಾಳಿಗೂಡಿನ ಗೋಡೆಗುಂಟ ಪ್ರತಿಕಾಯವೂ ಅದಕ್ಕೆ ಜೊತೆಯಾಗುವ ಕಾಂಪ್ಲಿಮೆಂಟ್ ಪ್ರೋಟೀನೂ ಕೂತಿದ್ದವು. ಅದು ತಳಪೊರೆಯನ್ನೇ ಹಿಡಿದಿದೆಯೋ, ಅಲ್ಲಿ ಸಿಕ್ಕಿಕೊಂಡ ರೋಗಾಣುವಿನ ಚೂರನ್ನೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಸೂರತ್‌ನ ವೈದ್ಯರು ಕಾಯಲಿಲ್ಲ. ಇಲಿಜ್ವರದಿಂದ ಶ್ವಾಸಕೋಶದಲ್ಲಿ ರಕ್ತ ತುಂಬಿದವರಿಗೆ ಆಂಟಿಬಯಾಟಿಕ್ ಜೊತೆ ಸೈಕ್ಲೋಫಾಸ್ಫಮೈಡ್ ಕೊಟ್ಟು, ಹೆಚ್ಚು ಮಂದಿ ಉಳಿದರು ಎಂದು 2009ರಲ್ಲಿ ವರದಿ ಮಾಡಿದರು. ಚೀಟಿ ಎತ್ತಿ ಎರಡು ಗುಂಪು ಮಾಡಿ ಹೋಲಿಸುವ ದೊಡ್ಡ ಪ್ರಯೋಗವೊಂದು ಇದಕ್ಕೆ ಬೇಕು. ಅದಕ್ಕೆ ಬೇಕಾದ ರೋಗಿಗಳು ಪ್ರತಿ ವರ್ಷ ಜುಲೈನಿಂದ ಅಕ್ಟೋಬರ್‌ವರೆಗೆ ನಮ್ಮ ಆಸ್ಪತ್ರೆಗಳಿಗೇ ಬರುತ್ತಿದ್ದಾರೆ.